ಹನ್ನೆರಡೂವರೆ ಗಂಟೆ ಹಿಂದಿರುವ ಊರಿನ ತಂಡ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಒಟ್ಟು 30 ತಂಡಗಳಿವೆ. ವರ್ಲ್ಡ್ ಸೀರೀಸ್ ಎಂಬ ಅಂತಿಮ ಹಣಾಹಣಿಯನ್ನು ಗೆಲ್ಲುವುದಿರಲಿ, ಅದರಲ್ಲಿ ಆಡುವ ಅವಕಾಶವನ್ನೇ ಒಮ್ಮೆಯೂ ಪಡೆಯದ ತಂಡ ಅವುಗಳಲ್ಲಿ ಒಂದೇ ಒಂದು, ಅದು ಸಿಯಾಟಲ್ ಮ್ಯಾರಿನರ್ಸ್. 1977ರಲ್ಲಿ ಹುಟ್ಟಿದ ಈ ತಂಡವನ್ನು ನಾನು ಮೈಸೂರಿನಲ್ಲಿ ಕುಳಿತು ಹಿಂಬಾಲಿಸುತ್ತೇನೆ. ಕೆಲಸದ ನಿಮಿತ್ತ ಕೆಲವು ವರ್ಷ ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿದ್ದಾಗ ಹತ್ತಿದ ಈ ಅಭಿಮಾನ ಊರಿಗೆ ಮರಳಿದ ಮೇಲೆ ತಾನಾಗಿ ಇಳಿದುಹೋದೀತೆಂದು ಮನೆಯವರು ಎಣಿಸಿದ್ದರು. ಇಳಿಯುವ ಬದಲು ಅದು ವರ್ಷದಿಂದ ವರ್ಷಕ್ಕೆ ಬಲಿಯುತ್ತಲೇ ಬಂದಿದೆ. ದೂರದ ಅಭಿಮಾನವೆಂದರೆ ಮೈದಾನಕ್ಕೆ ಹೋಗಲಾರದವರು ಮಾಡಿಕೊಂಡ ಹೊಂದಾಣಿಕೆ ಎಂದು ಅನೇಕರು ತಿಳಿದಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ದೂರದಿಂದ ಕೇಳುವವನ ಗಮನಕ್ಕೆ ಅದರದೇ ಕ್ರಮವಿದೆ. ಮ್ಯಾರಿನರ್ಸ್‌ನಂಥ ತಂಡದ ವಿಷಯದಲ್ಲಂತೂ, ದೂರದಲ್ಲಿರುವವರೇ ಮೊದಲಿನಿಂದಲೂ ಅದರ ಅಭಿಮಾನಿ ಬಳಗದ ದೊಡ್ಡ ಪಾಲು.

ಮೊದಲು ಗಡಿಯಾರದ ವಿಷಯ. ಬೇಸ್‌ಬಾಲ್ ಋತು ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ನಡೆಯುತ್ತದೆ. ಆ ಅವಧಿಯುದ್ದಕ್ಕೂ ಸಿಯಾಟಲ್‌ನ ಗಡಿಯಾರ ಬೇಸಿಗೆಯ ಲೆಕ್ಕದಲ್ಲೇ ಇರುವುದರಿಂದ, ನಮಗೂ ಅವರಿಗೂ ನಡುವಿನ ಹನ್ನೆರಡೂವರೆ ಗಂಟೆಯ ಅಂತರ ಬದಲಾಗುವುದಿಲ್ಲ. ಅಲ್ಲಿ ಸಂಜೆ 7.10ಕ್ಕೆ ಶುರುವಾಗುವ ಪಂದ್ಯ ಇಲ್ಲಿ ಮರುದಿನ ಬೆಳಗ್ಗೆ 7.40ಕ್ಕೆ ಸಿಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಹಲವು ಪಂದ್ಯಗಳನ್ನು ಅರ್ಧ ಗಂಟೆ ಮೊದಲೇ ಶುರುಮಾಡುತ್ತಿರುವುದರಿಂದ, ಡಿಕಾಕ್ಷನ್ ಇಳಿದು ಮೊದಲ ಕಾಫಿ ಬೆರೆಸುವ ಹೊತ್ತಿಗೆ ಮೊದಲ ಚೆಂಡು ಬಿದ್ದಿರುತ್ತದೆ. ತಂಡ ನ್ಯೂಯಾರ್ಕ್, ಬಾಸ್ಟನ್ ಕಡೆಗೆ ಪ್ರವಾಸ ಹೋದಾಗ ಮಾತ್ರ ನಸುಕಿನ ನಾಲ್ಕೂವರೆಗೆ ಏಳಬೇಕು. ವಾರದ ನಡುವೆ ಅವರು ಮಧ್ಯಾಹ್ನ ಆಡುವ ಪಂದ್ಯಗಳು ನಮಗೆ ನಡುರಾತ್ರಿ ದಾಟಿದ ಮೇಲೆ ಬರುತ್ತವೆ. ನಾನು ಎಷ್ಟು ಗಂಟೆಗೆ ಅಲಾರಾಂ ಇಟ್ಟಿದ್ದೇನೆ ಎನ್ನುವುದರಿಂದಲೇ ತಂಡ ಅಮೆರಿಕದ ಯಾವ ಕರಾವಳಿಯಲ್ಲಿದೆ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ತಿಳಿಯುತ್ತದೆ.

ಒಂದು ಋತುವಿನಲ್ಲಿ ಪ್ರತಿ ತಂಡವೂ 162 ಪಂದ್ಯಗಳನ್ನು ಆಡುತ್ತದೆ. ಕ್ರಿಕೆಟ್ ನೋಡಿ ಬೆಳೆದವರಿಗೆ ಈ ಸಂಖ್ಯೆಯನ್ನು ನಂಬುವುದಕ್ಕೇ ಸ್ವಲ್ಪ ಸಮಯ ಬೇಕಾಗುತ್ತದೆ. ಸುಮಾರು 26 ವಾರಗಳಲ್ಲಿ 162 ಪಂದ್ಯಗಳೆಂದರೆ ವಾರಕ್ಕೆ ಆರರಂತೆ, ಹೆಚ್ಚುಕಡಿಮೆ ದಿನವೂ ಒಂದು. ಒಂದು ದಿನದ ಸೋಲನ್ನು ಮನಸ್ಸಿನಲ್ಲಿಟ್ಟುಕೊಂಡು ಕೊರಗುವಷ್ಟರಲ್ಲಿ ಮರುದಿನದ ಪಂದ್ಯ ಬಂದಿರುತ್ತದೆ. ಅತ್ಯುತ್ತಮ ತಂಡವೂ ಸಾಮಾನ್ಯವಾಗಿ ಐವತ್ತು ಅರವತ್ತು ಸಲ ಸೋಲುವ ಆಟವಿದು. ನಮ್ಮ ತಾಯಿಗೆ ಈ ಆಟದ ನಿಯಮ ಗೊತ್ತಿಲ್ಲ, ಆದರೆ ತಿಂಡಿಯ ಹೊತ್ತಿಗೆ ತಪ್ಪದೆ ವಿಚಾರಿಸುತ್ತಾರೆ. "ಏನೋ, ನಿಮ್ಮ ಸಿಯಾಟಲ್‌ನವರು ಇವತ್ತಾದರೂ ಗೆದ್ದರೇನೋ?" "ಇಲ್ಲಮ್ಮ, ಸೋತರು." "ಹೋಗಲಿ ಬಿಡು, ನಾಳೆ ಇದೆಯಲ್ಲ." ಬೇಸ್‌ಬಾಲ್ ಋತುವಿನ ಒಳಗುಟ್ಟನ್ನು ಇದಕ್ಕಿಂತ ಸರಿಯಾಗಿ ಹೇಳಿದವರನ್ನು ನಾನು ಕಂಡಿಲ್ಲ.

ಬೆಳಗಿನ ಕೇಳುಗನಿಗೆ 2023ರಲ್ಲಿ ದೊಡ್ಡ ಉಪಕಾರವಾಯಿತು. ಬ್ಯಾಟರ್‌ಗೆ ಚೆಂಡೆಸೆಯುವ ಪಿಚರ್ ಚೆಂಡು ಹಿಡಿದು ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದಾಗಿದ್ದ ಕಾಲ ಆ ವರ್ಷ ಮುಗಿಯಿತು. ರನ್ ಗಳಿಸಲು ಓಟಗಾರ ಮುಟ್ಟಿ ಸಾಗಬೇಕಾದ ನೆಲೆಗಳಾದ ಬೇಸ್‌ಗಳ ಮೇಲೆ ಯಾರೂ ಇಲ್ಲದಿದ್ದರೆ 15 ಸೆಕೆಂಡುಗಳೊಳಗೆ ಎಸೆಯಲೇಬೇಕೆಂಬ ನಿಯಮ ಬಂತು. ಅದಕ್ಕೆ ಮುಂಚೆ ಸರಾಸರಿ ಮೂರು ಗಂಟೆ ದಾಟುತ್ತಿದ್ದ ಪಂದ್ಯ ಆ ವರ್ಷ ಎರಡು ಗಂಟೆ ನಲವತ್ತು ನಿಮಿಷಕ್ಕೆ ಇಳಿಯಿತು. ಹಳೆಯ ಅಭಿಮಾನಿಗಳಲ್ಲಿ ಕೆಲವರು ಇದನ್ನು ಇಂದಿಗೂ ಒಪ್ಪುವುದಿಲ್ಲ, ಆಟದ ನಿಧಾನವೇ ಅದರ ಚೆಲುವಾಗಿತ್ತು ಎನ್ನುತ್ತಾರೆ. ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಶುರುವಾದ ಪಂದ್ಯವನ್ನು ಹತ್ತು ಗಂಟೆಯ ಮೀಟಿಂಗಿಗೆ ಮೊದಲು ಕೊನೆಯವರೆಗೆ ಕೇಳಿ ಮುಗಿಸಬಹುದು ಎನ್ನುವುದು ನನ್ನಂಥವನಿಗೆ ಸಣ್ಣ ಸಂಗತಿಯಲ್ಲ.

ಕೇಳುವುದು ಎಂದೆ, ನೋಡುವುದು ಎನ್ನಲಿಲ್ಲ. ವಾರ್ಷಿಕ ಚಂದಾ ಕಟ್ಟಿದರೆ ಲೀಗ್‌ನ ಆ್ಯಪ್‌ನಲ್ಲಿ ವಿಡಿಯೊ ಕೂಡ ಸಿಗುತ್ತದೆ, ಮುಖ್ಯ ಪಂದ್ಯಗಳಿಗೆ ನಾನೂ ಅದನ್ನು ಹಾಕಿಕೊಳ್ಳುತ್ತೇನೆ. ಆದರೂ ನನ್ನ ಮಟ್ಟಿಗೆ ಈ ಆಟ ರೇಡಿಯೊದ್ದು. ಪ್ರತಿ ಚೆಂಡಿನ ನಡುವೆ ಇರುವ ಬಿಡುವಿನಲ್ಲಿ ವೀಕ್ಷಕ ವಿವರಣೆಕಾರ ಮೈದಾನವನ್ನು ಕಟ್ಟಿಕೊಡುತ್ತಾನೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಎಡ ಮೂಲೆಯ ಆಟಗಾರ ಎಷ್ಟು ಮುಂದೆ ಬಂದು ನಿಂತಿದ್ದಾನೆ, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಕೈಗವಸನ್ನು ಎಲ್ಲಿ ಹಿಡಿದಿದ್ದಾನೆ ಎನ್ನುವುದೆಲ್ಲ ಅವನ ಮಾತಿನಲ್ಲೇ ಬರುತ್ತದೆ. ಆ ಮಾತಿನ ಹಿಂದೆ ಬ್ಯಾಟಿಗೆ ಚೆಂಡು ತಗುಲಿದ ಸದ್ದು ಕೇಳುತ್ತದೆ. ಆ ಸದ್ದಿನಿಂದಲೇ ಚೆಂಡು ಎತ್ತ ಹೋಗಬಹುದೆಂದು ಅಂದಾಜು ಮಾಡುವುದು ಕಾಲಕ್ರಮದಲ್ಲಿ ಅಭ್ಯಾಸವಾಗುತ್ತದೆ. ಸಿಯಾಟಲ್‌ನ ಮೈದಾನದ ಪಕ್ಕದಲ್ಲೇ ರೈಲು ಹಳಿಗಳಿವೆ. ಗೂಡ್ಸ್ ರೈಲುಗಳ ಉದ್ದನೆಯ ಹಾರ್ನ್ ಪಂದ್ಯದ ನಡುವೆ ಅದೆಷ್ಟು ಸಲ ಕೇಳಿಬರುತ್ತದೆಂದರೆ, ತಂಡ ತವರಿನಲ್ಲಿದೆಯೋ ಪರಊರಿನಲ್ಲಿದೆಯೋ ಎಂಬುದನ್ನು ಯಾರೂ ಹೇಳದೆಯೇ ತಿಳಿಯಬಹುದು. ಕರೆಂಟು ಹೋಗಿ ಮನೆಯ ವೈಫೈ ನಿಂತರೂ ಫೋನಿನ ಡೇಟಾದಲ್ಲೇ ಧ್ವನಿ ಹರಿದುಬರುತ್ತದೆ ಎಂಬುದು ಇನ್ನೊಂದು ಅನುಕೂಲ.

ಮ್ಯಾರಿನರ್ಸ್‌ಗೆ ಧ್ವನಿಯೆಂದರೆ ಡೇವ್ ನೀಹೌಸ್. 1977ರ ಮೊದಲ ಪಂದ್ಯದಿಂದ 2010ರ ಋತು ಮುಗಿಯುವವರೆಗೆ ತಂಡ ಆಡಿದ 5,385 ಪಂದ್ಯಗಳಲ್ಲಿ 5,284ಕ್ಕೆ ಅವರು ವಿವರಣೆ ಕೊಟ್ಟರು. ಆ ವರ್ಷದ ನವೆಂಬರ್‌ನಲ್ಲಿ ತೀರಿಕೊಂಡರು. ನಾನು ಬೇಸ್‌ಬಾಲ್ ಕಲಿತದ್ದು ಅವರಿಂದ. ಬೆಲ್‌ವ್ಯೂನ ಅಡುಗೆಮನೆಯಲ್ಲಿ ಸಾರಿಗೆ ಒಗ್ಗರಣೆ ಹಾಕುತ್ತಾ ಕೇಳಿದ ಅವರ ಮಾತಿನಿಂದಲೇ ಔಟ್, ವಾಕ್, ಡಬಲ್ ಪ್ಲೇ ಎಂಬ ಲೆಕ್ಕಗಳೆಲ್ಲ ತಲೆಗೆ ಹತ್ತಿದವು. ಮೈದಾನದ ಒಳಗೆ ಅವರ ಕಂಚಿನ ಪ್ರತಿಮೆಯಿದೆ. ಮೈಕಿನ ಮುಂದೆ ಮೇಜಿಗೆ ಕೂತ ಭಂಗಿ, ಎದುರಿಗೆ ತೆರೆದ ಸ್ಕೋರ್ ಪುಸ್ತಕ, ಪಕ್ಕದಲ್ಲಿ ಅಭಿಮಾನಿಗಳು ಬಂದು ಕೂರಲೆಂದು ಬಿಟ್ಟ ಒಂದು ಖಾಲಿ ಕುರ್ಚಿ. ಆ ಸ್ಕೋರ್ ಪುಸ್ತಕದಲ್ಲಿ ಕೆತ್ತಿರುವುದು 1995ರ ಒಂದು ಪಂದ್ಯದ ಲೆಕ್ಕ. ಅದರ ಮಾತಿಗೆ ಮುಂದೆ ಬರುತ್ತೇನೆ. ನೀಹೌಸ್ ಜೊತೆಗಿದ್ದ ರಿಕ್ ರಿಜ್ 1983ರಲ್ಲಿ ಸೇರಿದವರು. ಡೆಟ್ರಾಯಿಟ್‌ಗೆ ಹೋಗಿದ್ದ ಮೂರು ಋತುಗಳನ್ನು ಬಿಟ್ಟರೆ ಅವರೂ ಇದೇ ತಂಡದ ಧ್ವನಿಯಾಗಿ ಬಾಳಿದವರು. ನಾನು ಮೈಸೂರಿಗೆ ಮರಳಿದ ಮೇಲೆ ಬೆಳಗಿನ ಹೊತ್ತು ನಮ್ಮ ಮನೆಯಲ್ಲಿ ಹೆಚ್ಚು ಕೇಳಿದ ಹೊರಗಿನವರ ಧ್ವನಿ ಅವರದೇ.

ಈ ತಂಡಕ್ಕೂ ದೂರಕ್ಕೂ ಇರುವ ನಂಟು ಹಳೆಯದು. ಭೂಪಟ ತೆರೆದರೆ ಸಿಯಾಟಲ್ ಅಮೆರಿಕದ ವಾಯವ್ಯ ಮೂಲೆಯಲ್ಲಿದೆ. ಇನ್ನೊಂದು ಮೇಜರ್ ಲೀಗ್ ತಂಡ ಸಿಗಬೇಕಾದರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಸ್ಯಾನ್ ಫ್ರಾನ್ಸಿಸ್ಕೊ ಕಡೆಗೇ ಹೋಗಬೇಕು. ಹಾಗಾಗಿ ಆರಿಗನ್, ಐಡಾಹೊ, ಮೊಂಟಾನಾ, ಅಲಾಸ್ಕಾಗಳಲ್ಲಿ ಇರುವವರಿಗೂ ತಮ್ಮದೆಂದು ಹೇಳಿಕೊಳ್ಳಲು ಇರುವುದು ಈ ತಂಡವೇ. ಅಲಾಸ್ಕಾದ ಒಬ್ಬ ಅಭಿಮಾನಿಗೆ ಮೈದಾನಕ್ಕೆ ಬರಬೇಕಾದರೆ ವಿಮಾನವನ್ನೇ ಹತ್ತಬೇಕು. ಅವರೆಲ್ಲ ತಲೆಮಾರುಗಳಿಂದ ಪಂದ್ಯವನ್ನು ಕೇಳಿಯೇ ಉಳಿಸಿಕೊಂಡವರು. ನೀಹೌಸ್ ಅಷ್ಟು ವಿವರವಾಗಿ ಮಾತಾಡುತ್ತಿದ್ದುದು ಮುಖ್ಯವಾಗಿ ಅಂಥವರಿಗಾಗಿ ಎಂದು ನನ್ನ ನಂಬಿಕೆ.

ಇನ್ನೂ ದೂರದ ಕಥೆ ಜಪಾನಿನದು. 1992ರಲ್ಲಿ ಆಗಿನ ಮಾಲೀಕರು ತಂಡವನ್ನು ಮಾರಾಟಕ್ಕಿಟ್ಟಿದ್ದರು, ಅದು ಫ್ಲಾರಿಡಾಕ್ಕೆ ಹೋಗಿಬಿಡುವ ಸಾಧ್ಯತೆ ನಿಚ್ಚಳವಾಗಿತ್ತು. ಆಗ ಸೆನೆಟರ್ ಸ್ಲೇಡ್ ಗಾರ್ಟನ್ ಅವರು ನಿಂಟೆಂಡೊ ಕಂಪನಿಯ ಅಮೆರಿಕ ಶಾಖೆಯನ್ನು ಸಂಪರ್ಕಿಸಿದರು. ಆ ಶಾಖೆ ಇದ್ದದ್ದು ಸಿಯಾಟಲ್ ಪಕ್ಕದ ರೆಡ್‌ಮಂಡ್‌ನಲ್ಲಿ. ಕ್ಯೋಟೊದಲ್ಲಿದ್ದ ನಿಂಟೆಂಡೊ ಮುಖ್ಯಸ್ಥ ಹಿರೋಶಿ ಯಮೌಚಿ ಹಣ ಹಾಕಲು ಒಪ್ಪಿದರು. ಹೊರದೇಶದವರ ಕೈಗೆ ತಂಡ ಹೋಗುವುದಕ್ಕೆ ಲೀಗ್‌ನಲ್ಲಿ ವಿರೋಧವೆದ್ದಿತು. ಅವರ ಮತದ ಪಾಲು ಅರ್ಧಕ್ಕಿಂತ ಕಡಿಮೆ ಇರಬೇಕೆಂಬ ಷರತ್ತಿನೊಂದಿಗೆ ಕೊನೆಗೆ ಒಪ್ಪಿಗೆ ಸಿಕ್ಕಿತು. ಯಮೌಚಿ ಬೇಸ್‌ಬಾಲ್ ಪ್ರೇಮಿಯಲ್ಲ, ತನ್ನ ಕಂಪನಿಯನ್ನು ಬೆಳೆಸಿದ ಊರಿಗೆ ಋಣ ತೀರಿಸುವುದು ಅವರ ಉದ್ದೇಶವಾಗಿತ್ತು. 2013ರಲ್ಲಿ ತೀರಿಕೊಳ್ಳುವವರೆಗೆ ಅವರು ಮ್ಯಾರಿನರ್ಸ್‌ನ ಒಂದು ಪಂದ್ಯವನ್ನೂ ಮೈದಾನದಲ್ಲಿ ಕೂತು ನೋಡಲಿಲ್ಲ. ತಂಡವನ್ನು ಸಿಯಾಟಲ್‌ನಲ್ಲಿ ಉಳಿಸಿದ ವ್ಯಕ್ತಿಯೇ ಸಾಗರದ ಆಚೆ ಇದ್ದರು ಎಂಬುದನ್ನು ನೆನೆದಾಗಲೆಲ್ಲ ನನಗೆ ಒಂದು ಬಗೆಯ ಧೈರ್ಯ ಬರುತ್ತದೆ.

ಆಮೇಲೆ 2001ರಲ್ಲಿ ಇಚಿರೊ ಸುಜುಕಿ ಬಂದರು. ಜಪಾನಿನ ಲೀಗ್‌ನಿಂದ ಬಂದ ಅವರು ಮೊದಲ ವರ್ಷವೇ, ಮೇಜರ್ ಲೀಗ್‌ನ ಎರಡು ಪಂಗಡಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನ ಅತ್ಯುತ್ತಮ ಹೊಸ ಆಟಗಾರ ಮತ್ತು ಅತ್ಯಂತ ಮೌಲ್ಯಯುತ ಆಟಗಾರ, ಎರಡೂ ಪ್ರಶಸ್ತಿಗಳನ್ನು ಪಡೆದರು. ಆ ವರ್ಷ ತಂಡ 116 ಪಂದ್ಯಗಳನ್ನು ಗೆದ್ದು 1906ರ ಶಿಕಾಗೊ ಕಬ್ಸ್ ದಾಖಲೆಯನ್ನು ಸರಿಗಟ್ಟಿತು. ಸಿಯಾಟಲ್‌ನಲ್ಲಿ ಸಂಜೆ ಏಳಾದಾಗ ಟೋಕಿಯೊದಲ್ಲಿ ಮರುದಿನ ಬೆಳಗ್ಗೆ ಹನ್ನೊಂದು. ಇಚಿರೊ ಬ್ಯಾಟ್ ಹಿಡಿಯುವ ಹೊತ್ತಿಗೆ ಜಪಾನಿನಲ್ಲಿ ಜನ ಟಿವಿ ಮುಂದೆ ಕೂರುತ್ತಿದ್ದರು. ನಾನು ಈಗ ಮಾಡುತ್ತಿರುವುದನ್ನು ನನಗಿಂತ ಮೊದಲು ಇಡೀ ಒಂದು ದೇಶ ಮಾಡಿದೆ.

ನಾನು ಮೈದಾನದಲ್ಲಿದ್ದು ಕಂಡ ದಿನಗಳಲ್ಲಿ ಅತಿ ಸ್ಪಷ್ಟವಾಗಿ ಉಳಿದಿರುವುದು 2004ರ ಅಕ್ಟೋಬರ್ 1. ಚೆಂಡನ್ನು ಹೊಡೆದು ಔಟಾಗದೆ ಬೇಸ್ ತಲುಪಿದರೆ ಅದು ಹಿಟ್. ಒಂದೇ ಋತುವಿನಲ್ಲಿ 257 ಹಿಟ್‌ಗಳೆಂಬ ಜಾರ್ಜ್ ಸಿಸ್ಲರ್ ಅವರ ದಾಖಲೆ 1920ರಿಂದ ಅಲುಗಾಡದೆ ನಿಂತಿತ್ತು. ಬೆಲ್‌ವ್ಯೂನಿಂದ 550 ನಂಬರಿನ ಬಸ್ಸು ಹಿಡಿದು ಇಂಟರ್‌ನ್ಯಾಷನಲ್ ಡಿಸ್ಟ್ರಿಕ್ಟ್‌ನಲ್ಲಿ ಇಳಿದು, ಜನರ ಹರಿವಿನೊಡನೆ ಮೈದಾನಕ್ಕೆ ನಡೆದಿದ್ದೆವು. ತಂಡ ಆ ವರ್ಷ 99 ಪಂದ್ಯ ಸೋತು ತನ್ನ ವಿಭಾಗದ ಕೊನೆಯ ಸ್ಥಾನದಲ್ಲಿತ್ತು. ಆದರೂ ಮೈದಾನ ಕಿಕ್ಕಿರಿದಿತ್ತು. ಇಚಿರೊ ಬ್ಯಾಟ್ ಮಾಡಲು ಬಂದಾಗ ಪ್ರತಿ ಸಲವೂ ಮಾಡುವ ಒಂದು ಕ್ರಿಯೆಯಿದೆ. ಬಲಗೈಯಲ್ಲಿ ಬ್ಯಾಟನ್ನು ನೆಟ್ಟಗೆ ಹಿಡಿದು ಪಿಚರ್ ಕಡೆಗೆ ತೋಳು ಚಾಚುತ್ತಾರೆ, ಎಡಗೈಯಿಂದ ಬಲ ಭುಜದ ಬಳಿ ಅಂಗಿಯ ತೋಳನ್ನು ಮೆಲ್ಲಗೆ ಎಳೆದುಕೊಳ್ಳುತ್ತಾರೆ, ಒಂದು ಕ್ಷಣ ಹಾಗೇ ನಿಲ್ಲುತ್ತಾರೆ. ಆ ಕ್ಷಣದಲ್ಲಿ ನಲವತ್ತು ಸಾವಿರಕ್ಕೂ ಹೆಚ್ಚು ಜನ ಒಟ್ಟಿಗೆ ಸುಮ್ಮನಾದದ್ದನ್ನು ನಾನು ಕೇಳಿದ್ದೇನೆ. ಒಂಬತ್ತು ಇನ್ನಿಂಗ್ಸ್‌ನ ಆ ಪಂದ್ಯದಲ್ಲಿ 257ನೆಯದನ್ನು ಮೊದಲ ಇನ್ನಿಂಗ್ಸ್‌ನಲ್ಲೂ 258ನೆಯದನ್ನು ಮೂರನೆಯ ಇನ್ನಿಂಗ್ಸ್‌ನಲ್ಲೂ ಹೊಡೆದರು. ಜೊತೆಯ ಆಟಗಾರರು ಓಡಿಬಂದು ಸುತ್ತುವರಿದರು. ಸ್ವಲ್ಪ ಹೊತ್ತಿನಲ್ಲಿ ಇಚಿರೊ ಅಂಚಿನ ಆಸನಗಳ ಕಡೆಗೆ ನಡೆದು, ಅಲ್ಲಿ ಕೂತಿದ್ದ ಸಿಸ್ಲರ್ ಅವರ ವಯಸ್ಸಾದ ಮಗಳ ಕೈಹಿಡಿದು ತಲೆಬಾಗಿದರು. ಋತು ಮುಗಿದಾಗ ಲೆಕ್ಕ 262ಕ್ಕೆ ನಿಂತಿತು. ಆ ದಾಖಲೆ ಇಂದಿಗೂ ಹಾಗೇ ಇದೆ. ಕೊನೆಯ ಸ್ಥಾನದ ತಂಡವನ್ನು ನೋಡಲು ಜನ ಯಾಕೆ ಬರುತ್ತಾರೆಂಬ ಪ್ರಶ್ನೆ ನನಗೆ ಅಂದಿನಿಂದ ಎದ್ದಿಲ್ಲ.

ಇದೇ ಇಚಿರೊ ನಿವೃತ್ತರಾದದ್ದು 2019ರ ಮಾರ್ಚ್ 21ರಂದು, ಟೋಕಿಯೊ ಡೋಮ್‌ನಲ್ಲಿ. ಆ ಋತುವಿನ ಮೊದಲ ಎರಡು ಪಂದ್ಯಗಳನ್ನು ಮ್ಯಾರಿನರ್ಸ್ ಮತ್ತು ಓಕ್‌ಲ್ಯಾಂಡ್ ಅಲ್ಲಿ ಆಡಿದವು. ಅಲ್ಲಿನ ಸಂಜೆಯ ಪಂದ್ಯ ನಮಗೆ ಹಾಡುಹಗಲು ಮಧ್ಯಾಹ್ನ ಬಂತು, ಅಂಥದ್ದು ಬಹಳ ಅಪರೂಪ. ಅರ್ಧ ದಿನ ರಜೆ ಹಾಕಿ ಮನೆಗೆ ಬಂದು ನೋಡಿದೆ. ಎಂಟನೆಯ ಇನ್ನಿಂಗ್ಸ್‌ನಲ್ಲಿ ಅವರನ್ನು ಮೈದಾನದಿಂದ ಕರೆಸಿಕೊಂಡಾಗ ಆಟಗಾರರೆಲ್ಲ ಡಗೌಟ್ ಬಳಿ ಸಾಲುಗಟ್ಟಿ ಅಪ್ಪಿಕೊಂಡರು. ಅಂದೇ ತನ್ನ ಮೊದಲ ಮೇಜರ್ ಲೀಗ್ ಪಂದ್ಯ ಆಡಿದ್ದ ಯೂಸೆ ಕಿಕುಚಿ ಬಿಕ್ಕಿ ಬಿಕ್ಕಿ ಅತ್ತ. ಪಂದ್ಯ ಮುಗಿದ ಮೇಲೂ ಜನ ಜಾಗ ಬಿಟ್ಟು ಕದಲಲಿಲ್ಲ, ಇಚಿರೊ ಮತ್ತೆ ಬಂದು ಮೈದಾನ ಸುತ್ತಿದರು. 2025ರಲ್ಲಿ ಅವರು ಹಾಲ್ ಆಫ್ ಫೇಮ್ ಎಂಬ ಬೇಸ್‌ಬಾಲ್‌ನ ಗೌರವ ಪಟ್ಟಿಗೆ ಆಯ್ಕೆಯಾದಾಗ 394 ಮತಗಳಲ್ಲಿ 393 ಬಿದ್ದವು. ಆ ಒಂದು ಮತ ಯಾರದೆಂದು ನಮ್ಮ ಹಳೆಯ ಬೆಲ್‌ವ್ಯೂ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಈಗಲೂ ಚರ್ಚೆಯಾಗುತ್ತದೆ.

ದೂರದ ಅಭಿಮಾನಿ ತಾನಿಲ್ಲದ ಕಾಲವನ್ನೂ ತನ್ನದಾಗಿಸಿಕೊಳ್ಳಬೇಕಾಗುತ್ತದೆ. 1995ರ ಅಕ್ಟೋಬರ್ 8ರಂದು ನಾನು ಬೇಸ್‌ಬಾಲ್ ಎಂಬ ಆಟದ ಹೆಸರನ್ನಷ್ಟೇ ಕೇಳಿದ್ದ ವಿದ್ಯಾರ್ಥಿ. ಆ ದಿನ ನ್ಯೂಯಾರ್ಕ್ ಯಾಂಕೀಸ್ ವಿರುದ್ಧ, ಋತುವಿನ ನಂತರದ ಪ್ಲೇಆಫ್ ಸರಣಿಯ ಐದನೆಯ, ನಿರ್ಣಾಯಕ ಪಂದ್ಯದ ಹನ್ನೊಂದನೆಯ ಇನ್ನಿಂಗ್ಸ್‌ನಲ್ಲಿ ಮ್ಯಾರಿನರ್ಸ್ ಒಂದು ರನ್ ಹಿಂದಿತ್ತು. ಎಡ್ಗರ್ ಮಾರ್ಟಿನೆಜ್ ಎಡಗಡೆಯ ಗೆರೆಗುಂಟ ಹೊಡೆದ ಚೆಂಡಿಗೆ ಜೋಯಿ ಕೋರಾ ಬಂದು ಸಮ ಮಾಡಿದ, ಮೊದಲ ಬೇಸ್‌ನಲ್ಲಿದ್ದ ಕೆನ್ ಗ್ರಿಫಿ ಜೂನಿಯರ್ ಎಲ್ಲೂ ನಿಲ್ಲದೆ ಇಡೀ ಸುತ್ತು ಓಡಿ ಜಾರಿಕೊಂಡು ಬಂದು ಗೆಲುವಿನ ರನ್ ತಂದ. ತಂಡ ಹೊಸ ಮೈದಾನ ಸಿಗದೆ ಊರು ಬಿಡಬಹುದೆಂಬ ಆತಂಕದ ದಿನಗಳವು. ಆ ಗೆಲುವಿನ ಬಿಸಿ ಆರುವ ಮೊದಲೇ, ಅದೇ ತಿಂಗಳು, ವಾಷಿಂಗ್ಟನ್ ರಾಜ್ಯದ ಶಾಸನಸಭೆ ಹೊಸ ಮೈದಾನಕ್ಕೆ ಹಣದ ದಾರಿ ಮಾಡಿಕೊಟ್ಟಿತು. 1999ರಲ್ಲಿ ಆ ಮೈದಾನ ತೆರೆಯಿತು. ನೀಹೌಸ್ ಅವರ ಕಂಚಿನ ಸ್ಕೋರ್ ಪುಸ್ತಕದಲ್ಲಿರುವುದು ಈ ಪಂದ್ಯ. ಅವರ ಆ ದಿನದ ವಿವರಣೆಯ ಧ್ವನಿಮುದ್ರಣವನ್ನು ಎಷ್ಟು ಸಲ ಕೇಳಿದ್ದೇನೋ, ಗ್ರಿಫಿ ಮೂರನೆಯ ಬೇಸ್ ದಾಟುವಾಗ ಅವರ ಧ್ವನಿ ಏರುವ ಜಾಗ ನನಗೆ ಬಾಯಿಪಾಠವಾಗಿದೆ.

2001ರ ನಂತರ ಬರಗಾಲ. 2002ರಿಂದ 2021ರವರೆಗೆ ತಂಡ ಒಮ್ಮೆಯೂ ಋತುವಿನ ನಂತರದ ಹಂತ ತಲುಪಲಿಲ್ಲ. ಅಷ್ಟು ದೀರ್ಘಕಾಲ ಕಾದ ತಂಡ ಆಗ ಅಮೆರಿಕದ ನಾಲ್ಕು ಮುಖ್ಯ ಕ್ರೀಡೆಗಳಲ್ಲಿ ಇನ್ನೊಂದಿರಲಿಲ್ಲ. ಹದಿನೆಂಟನೆಯ ಋತುವಿನಲ್ಲಿ, 2025ರ ಜೂನ್‌ನಲ್ಲಿ, ಮೊದಲ ಕಪ್ ಕಂಡ ಆರ್‌ಸಿಬಿ ಅಭಿಮಾನಿಗಳಿಗೆ ಇಂಥ ಕಾಯುವಿಕೆಯನ್ನು ನಾನು ವಿವರಿಸಬೇಕಾಗಿಲ್ಲ. ಆ ವರ್ಷಗಳಲ್ಲಿ ನಮ್ಮನ್ನು ಹಿಡಿದಿಟ್ಟವನು ಫೀಲಿಕ್ಸ್ ಹೆರ್ನಾಂಡೆಜ್. ವೆನಿಜುವೆಲಾದಿಂದ ಹುಡುಗನಾಗಿ ಬಂದು, ಮೇಜರ್ ಲೀಗ್‌ನಲ್ಲಿ ಆಡಿದಷ್ಟು ಕಾಲವೂ ಇದೇ ತಂಡದಲ್ಲಿ ಉಳಿದು, ಒಂದೇ ಒಂದು ಪ್ಲೇಆಫ್ ಪಂದ್ಯವಾಡದೆ ಹೋದ ಪಿಚರ್ ಆತ. 2012ರ ಆಗಸ್ಟ್ 15ರ ಮಧ್ಯಾಹ್ನ, ಎಂದರೆ ಇಲ್ಲಿ ಸ್ವಾತಂತ್ರ್ಯ ದಿನ ಮುಗಿದು ನಡುರಾತ್ರಿ ದಾಟಿದ ಮೇಲೆ, ಟ್ಯಾಂಪಾ ಬೇ ವಿರುದ್ಧ ಆತ 27 ಬ್ಯಾಟರ್‌ಗಳನ್ನು ಒಬ್ಬನೂ ಬೇಸ್ ಮುಟ್ಟದಂತೆ ಸಾಲಾಗಿ ಔಟ್ ಮಾಡಿದ. ಅದಕ್ಕೆ ಪರ್ಫೆಕ್ಟ್ ಗೇಮ್ ಎನ್ನುತ್ತಾರೆ. ಒಂದೂವರೆ ಶತಮಾನದ ಈ ಆಟದಲ್ಲಿ ಅಂಥ ಪಂದ್ಯಗಳು ಇಪ್ಪತ್ತೈದಕ್ಕೂ ಕಡಿಮೆ. ಗೆದ್ದದ್ದು 1-0ರಿಂದ. ಇಯರ್‌ಫೋನ್ ಹಾಕಿಕೊಂಡು ಕತ್ತಲಲ್ಲಿ ಕೂತಿದ್ದ ನಾನು ಏಳನೆಯ ಇನ್ನಿಂಗ್ಸ್‌ನಿಂದ ಮುಂದೆ ಜಾಗ ಬದಲಿಸಲಿಲ್ಲ, ನೀರು ಕುಡಿಯಲೂ ಏಳಲಿಲ್ಲ. ಕೊನೆಯ ಬ್ಯಾಟರ್ ಬ್ಯಾಟ್ ಎತ್ತದೆ ನಿಂತಂತೆಯೇ ಔಟಾದಾಗ ಮನೆಯವರೆಲ್ಲ ನಿದ್ದೆಯಲ್ಲಿದ್ದರು. ಸಂತೋಷವನ್ನು ಬೆಳಗಿನವರೆಗೆ ಒಬ್ಬನೇ ಇಟ್ಟುಕೊಳ್ಳಬೇಕಾದದ್ದು ದೂರದ ಅಭಿಮಾನಿಗೆ ನಿಜವಾಗಿ ಇರುವ ಕಷ್ಟ. ಉಳಿದ ಕಷ್ಟಗಳಿಗೆಲ್ಲ ಏನಾದರೊಂದು ದಾರಿಯಿದೆ.

ಬರಗಾಲ ಮುಗಿದದ್ದು 2022ರ ಸೆಪ್ಟೆಂಬರ್ 30ರಂದು. ಓಕ್‌ಲ್ಯಾಂಡ್ ವಿರುದ್ಧ ಒಂಬತ್ತನೆಯ ಇನ್ನಿಂಗ್ಸ್‌ನಲ್ಲಿ ಎರಡು ಔಟ್ ಆಗಿ, ಸ್ಕೋರು 1-1 ಆಗಿದ್ದಾಗ, ಬದಲಿ ಬ್ಯಾಟರ್ ಆಗಿ ಬಂದ ಕ್ಯಾಚರ್ ಕ್ಯಾಲ್ ರಾಲಿ ಹೋಮ್ ರನ್ ಹೊಡೆದ, ಎಂದರೆ ಚೆಂಡನ್ನು ಬೇಲಿಯಾಚೆ ಅಟ್ಟಿದ. ಇಲ್ಲಿ ಶನಿವಾರ ಬೆಳಗ್ಗೆ, ನಾನು ಬಾಲ್ಕನಿಯಲ್ಲಿದ್ದೆ, ಕೂಗಿದ ಕೂಗಿಗೆ ಎದುರು ಮನೆಯವರು ಹೊರಗೆ ಬಂದು ನೋಡಿದರು. ಅದಾದ ಎರಡು ವಾರಕ್ಕೆ ಹ್ಯೂಸ್ಟನ್ ವಿರುದ್ಧದ ಪ್ಲೇಆಫ್ ಸರಣಿಯ ಮೂರನೆಯ ಪಂದ್ಯ ಬಂತು. ಬೇಸ್‌ಬಾಲ್‌ನಲ್ಲಿ ಒಂಬತ್ತು ಇನ್ನಿಂಗ್ಸ್‌ಗೆ ತೀರ್ಮಾನವಾಗದಿದ್ದರೆ ಆಗುವವರೆಗೆ ಆಡುತ್ತಾರೆ. ಇಲ್ಲಿನ ರಾತ್ರಿ ಒಂದೂವರೆ ದಾಟಿದ ಮೇಲೆ ಶುರುವಾದ ಆ ಪಂದ್ಯದಲ್ಲಿ ಹದಿನೇಳು ಇನ್ನಿಂಗ್ಸ್ ಮುಗಿದರೂ ಎರಡೂ ಕಡೆ ಸೊನ್ನೆ. ಕಿಟಕಿಯಾಚೆ ಬೆಳಕು ಹರಿಯಿತು, ಹಾಲಿನವನು ಬಂದು ಹೋದ, ಪೇಪರ್ ಬಿತ್ತು. ಹದಿನೆಂಟನೆಯ ಇನ್ನಿಂಗ್ಸ್‌ನಲ್ಲಿ ಹ್ಯೂಸ್ಟನ್‌ನ ಜೆರೆಮಿ ಪೆನ್ಯ ಹೊಡೆದ ಒಂದು ಹೋಮ್ ರನ್‌ಗೆ ನಾವು ಸೋತಾಗ ಗಂಟೆ ಎಂಟು. ಆರು ಗಂಟೆ 22 ನಿಮಿಷದ ಪಂದ್ಯವದು. ಸೋತ ಪಂದ್ಯಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಅದೇ.

2025ರ ಋತುವನ್ನು ಬಣ್ಣಿಸಲು ಒಂದು ಬರಹ ಸಾಲದು. ರಾಲಿ ಒಬ್ಬನೇ 60 ಹೋಮ್ ರನ್ ಹೊಡೆದ. ಯಾವ ಕ್ಯಾಚರ್ ಕೂಡ ಒಂದು ಋತುವಿನಲ್ಲಿ 48ರ ಆಚೆ ಹೋಗಿರಲಿಲ್ಲ, ಎರಡೂ ಕೈಯಿಂದ ಆಡುವ ಬ್ಯಾಟರ್‌ಗಳಲ್ಲಿ ಮಿಕ್ಕಿ ಮ್ಯಾಂಟಲ್ 1961ರಲ್ಲಿ ಹೊಡೆದ 54ನ್ನು ಯಾರೂ ದಾಟಿರಲಿಲ್ಲ. ದಿನವಿಡೀ ಮೊಣಕಾಲೂರಿ ಕೂತು ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡುಗಳನ್ನು ಹಿಡಿಯುವವನು ಇದನ್ನು ಮಾಡಿದ ಎನ್ನುವುದನ್ನು ನಾನು ಕ್ರಿಕೆಟ್ ಗೆಳೆಯರಿಗೆ ಮತ್ತೆ ಮತ್ತೆ ಹೇಳುತ್ತೇನೆ. 59 ಮತ್ತು 60ನೆಯದನ್ನು ಸೆಪ್ಟೆಂಬರ್ 24ರ ಒಂದೇ ಪಂದ್ಯದಲ್ಲಿ ಹೊಡೆದ, ಅದೇ ರಾತ್ರಿ ತಂಡ 2001ರ ನಂತರ ಮೊದಲ ಸಲ ತನ್ನ ವಿಭಾಗವನ್ನು ಗೆದ್ದಿತು. ಅಕ್ಟೋಬರ್ 10ರಂದು ಡೆಟ್ರಾಯಿಟ್ ವಿರುದ್ಧದ ನಿರ್ಣಾಯಕ ಪಂದ್ಯ ಹದಿನೈದು ಇನ್ನಿಂಗ್ಸ್ ನಡೆದು, ಜಾರ್ಜ್ ಪೊಲಾಂಕೊ ಹೊಡೆತಕ್ಕೆ 3-2ರಿಂದ ನಮ್ಮದಾಯಿತು. ಇಲ್ಲಿ ಶನಿವಾರವಾದ್ದರಿಂದ ಐದೂವರೆಯಿಂದ ಹತ್ತೂವರೆಯವರೆಗೆ ಒಂದು ಚೆಂಡನ್ನೂ ಬಿಡದೆ ನೋಡಿದೆ.

ವರ್ಲ್ಡ್ ಸೀರೀಸ್‌ಗೆ ಉಳಿದಿದ್ದ ಒಂದೇ ಮೆಟ್ಟಿಲು ಟೊರಾಂಟೊ ವಿರುದ್ಧದ ಏಳು ಪಂದ್ಯಗಳ ಸರಣಿ. ಮೂರು ಮೂರು ಸಮವಾಗಿ ಏಳನೆಯದಕ್ಕೆ ಬಂತು. ಅದು ನಮಗೆ ಅಕ್ಟೋಬರ್ 21ರ ಬೆಳಗ್ಗೆ, ದೀಪಾವಳಿಯ ಅಮಾವಾಸ್ಯೆ. ಮನೆಯಲ್ಲಿ ಪೂಜೆಯ ಸಿದ್ಧತೆ ನಡೆದಿತ್ತು. ತಾಯಿ ಆ ಹೊತ್ತಿಗೆ ನನ್ನನ್ನು ಯಾವ ಕೆಲಸಕ್ಕೂ ಕರೆಯಲಿಲ್ಲ. ಹೂಲಿಯೊ ರೊಡ್ರಿಗೆಜ್ ಒಂದು, ರಾಲಿ ಒಂದು ಹೋಮ್ ರನ್ ಹೊಡೆದು ನಾವು 3-1ರಿಂದ ಮುಂದಿದ್ದೆವು. ಏಳನೆಯ ಇನ್ನಿಂಗ್ಸ್‌ನಲ್ಲಿ, ಗಾಯದಿಂದ ಆಗಷ್ಟೇ ಮರಳಿದ್ದ ನಮ್ಮ ಪಿಚರ್ ಬ್ರಯಾನ್ ವೂ ಒಬ್ಬನಿಗೆ ವಾಕ್, ಎಂದರೆ ಮೊದಲ ಬೇಸ್‌ಗೆ ಪುಕ್ಕಟೆ ದಾರಿ, ಕೊಟ್ಟ, ಮತ್ತೊಬ್ಬ ಹಿಟ್ ಹೊಡೆದ, ಮೂರನೆಯವನು ಬಂಟ್ ಮಾಡಿ, ಎಂದರೆ ಚೆಂಡನ್ನು ಬ್ಯಾಟಿನಿಂದ ಮೆಲ್ಲಗೆ ತಡೆದು, ಇಬ್ಬರನ್ನೂ ಮುಂದಕ್ಕೆ ದಾಟಿಸಿದ. ವ್ಯವಸ್ಥಾಪಕ ಡ್ಯಾನ್ ವಿಲ್ಸನ್, 1995ರ ಆ ತಂಡದ ಕ್ಯಾಚರ್, ವೂ ಬದಲಿಗೆ ಪಿಚರ್ ಎಡ್ವರ್ಡ್ ಬಜಾರ್ಡೊನನ್ನು ಕರೆಸಿದರು. ಟೊರಾಂಟೊದ ಜಾರ್ಜ್ ಸ್ಪ್ರಿಂಗರ್ ಎಡಗಡೆಯ ಆಸನಗಳಿಗೆ ಹೊಡೆದ ಚೆಂಡಿಗೆ ಮೂರು ರನ್ ಬಂದವು. 4-3. ಒಂಬತ್ತನೆಯ ಇನ್ನಿಂಗ್ಸ್‌ನ ಕೊನೆಯ ಔಟ್ ರೊಡ್ರಿಗೆಜ್‌ನದೇ. ವರ್ಲ್ಡ್ ಸೀರೀಸ್‌ಗೆ ನಾವು ಎಂಟು ಔಟ್‌ಗಳಷ್ಟು ದೂರದಲ್ಲಿದ್ದೆವು. ಆ ತಂಡದ ಚರಿತ್ರೆಯಲ್ಲಿ ಯಾರೂ ಅಷ್ಟು ಹತ್ತಿರ ಹೋಗಿರಲಿಲ್ಲ.

ತಂಡದ ಅತ್ಯುತ್ತಮ ಕೊನೆಯ ಪಿಚರ್ ಆಂದ್ರೆಸ್ ಮುನ್ಯೋಜ್‌ನನ್ನು ಆ ಗಳಿಗೆಯಲ್ಲೇ ಕರೆಯಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂಬತ್ತನೆಯ ಇನ್ನಿಂಗ್ಸ್‌ಗೆಂದು ಕಾದಿಟ್ಟ ಪಿಚರ್ ಏಳನೆಯದರಲ್ಲೇ ಬೇಕಾಗುವ ದಿನಗಳಿರುತ್ತವೆ, ಅದು ಅಂಥ ದಿನ. ಬಜಾರ್ಡೊ ವರ್ಷವಿಡೀ ಚೆನ್ನಾಗಿ ಎಸೆದವನು, ಅವನನ್ನು ದೂರಲು ನನಗೆ ಮನಸ್ಸಿಲ್ಲ. ಗೆಳೆಯರ ಗುಂಪಿನಲ್ಲಿ ಈ ವಾದ ತಿಂಗಳುಗಟ್ಟಲೆ ನಡೆದಿದೆ. ಬೆಲ್‌ವ್ಯೂನಲ್ಲೇ ಉಳಿದವರು, ಬೆಂಗಳೂರಿಗೆ ಮರಳಿದವರು, ಡಬ್ಲಿನ್‌ಗೆ ಹೋದವನೊಬ್ಬ, ಎಲ್ಲರಿಗೂ ಆ ಇನ್ನಿಂಗ್ಸ್‌ನ ಒಂದೊಂದು ಚೆಂಡೂ ನೆನಪಿದೆ.

ಚಳಿಗಾಲದಲ್ಲಿ ಪಂದ್ಯಗಳಿಲ್ಲ, ಸುದ್ದಿಗಳು ಮಾತ್ರ. ಮೊದಲ ಬೇಸ್‌ನ ಜಾಶ್ ನೇಲರ್ ಐದು ವರ್ಷಗಳ ಒಪ್ಪಂದಕ್ಕೆ ಸಹಿಮಾಡಿ ತಂಡದಲ್ಲೇ ಉಳಿದ. ಹದಿನೈದನೆಯ ಇನ್ನಿಂಗ್ಸ್‌ನಲ್ಲಿ ನಮ್ಮನ್ನು ಗೆಲ್ಲಿಸಿದ ಪೊಲಾಂಕೊ ನ್ಯೂಯಾರ್ಕ್ ಮೆಟ್ಸ್ ಸೇರಿದ, ಅದು ನನಗೆ ನಿಜವಾಗಿಯೂ ಬೇಸರ ತಂದ ಸುದ್ದಿ. ರಾಲಿಯ ಒಪ್ಪಂದ 2030ರವರೆಗೆ ಇದೆ. ಫೆಬ್ರುವರಿಯಲ್ಲಿ ಅರಿಜೋನಾದ ಪಿಯೋರಿಯಾದಲ್ಲಿ ತರಬೇತಿ ಶಿಬಿರ ಶುರುವಾಗುತ್ತದೆ. ಅಲ್ಲಿನ ಪಂದ್ಯಗಳು ಯಾವ ಲೆಕ್ಕಕ್ಕೂ ಬರುವುದಿಲ್ಲ, ಆದರೂ ರಾತ್ರಿ ಎಚ್ಚರವಿದ್ದಾಗ ಹಾಕಿಕೊಳ್ಳುತ್ತೇನೆ, ಹೊಸ ಹುಡುಗರ ಹೆಸರುಗಳು ಕಿವಿಗೆ ಬೀಳಲಿ ಎಂದು. ವಿಶೇಷವಾಗಿ ಕೇಳಬೇಕಾಗಿರುವುದು ಆರು ಮತ್ತು ಏಳನೆಯ ಇನ್ನಿಂಗ್ಸ್‌ಗಳನ್ನು. ಮೊದಲ ಪಿಚರ್ ದಣಿದ ಮೇಲೆ ಮುನ್ಯೋಜ್ ಕೈಗೆ ಚೆಂಡು ಬರುವವರೆಗೆ ತಂಡವನ್ನು ದಾಟಿಸಬಲ್ಲ ಬಲಗೈ ಪಿಚರ್ ಇನ್ನೊಬ್ಬ ನಮಗೆ ಬೇಕು.